ಸೇರಿನಿಂದ ಗ್ರಾಮಿಗೆ: ಘಟ್ಟ ಹತ್ತಿ ಬಂದ ಸಿಗಡಿಯ ಲೆಕ್ಕ

ಇವತ್ತಿನ ಸಂಚಿಕೆಯನ್ನ ಮಾಸ್ತಿಕಟ್ಟೆಯಲ್ಲಿ ಕೂತು ರೆಕಾರ್ಡ್ ಮಾಡ್ತಾ ಇದ್ದೀನಿ. ಹಿಂದೆ ಒಂದೇ ಸಮನೆ ಸದ್ದು ಕೇಳಿಸ್ತಿದ್ರೆ ಅದು ಮಳೆ, ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಶಿವಮೊಗ್ಗದ ಪೇಪರ್ ಓದೋರಿಗೆ ಮಳೆಗಾಲದಲ್ಲಿ ಮಾತ್ರ ನಮ್ಮೂರಿನ ಹೆಸರು ಕಣ್ಣಿಗೆ ಬೀಳುತ್ತೆ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಅಂತ ಸಾಲಾಗಿ ಊರುಗಳು, ಪಕ್ಕದಲ್ಲಿ ಎಷ್ಟು ಮಿಲಿಮೀಟರ್ ಮಳೆ ಅನ್ನೋ ಲೆಕ್ಕ. ಅಷ್ಟೇ ನಮ್ಮ ಸುದ್ದಿ.

ಇಂಥ ಊರಲ್ಲಿ ಕೂತು ಸಮುದ್ರದ ಸಿಗಡಿ ಬಗ್ಗೆ ಯಾಕೆ ಮಾತಾಡ್ತಿದ್ದೀನಿ ಅಂತ ಕೇಳಬಹುದು. ಕಾರಣ ನಮ್ಮನೆ ಅಟ್ಟದ ಮೇಲಿರೋ ಒಂದು ತಗಡಿನ ಡಬ್ಬ. ನಮ್ಮಜ್ಜಿ ಕಾಲದಲ್ಲಿ ಮೇ ತಿಂಗಳು ಮುಗಿಯೋದರೊಳಗೆ ಆ ಡಬ್ಬದ ತುಂಬ ಒಣ ಸಿಗಡಿ ಇರಬೇಕಿತ್ತು. ಜೂನ್‌ನಿಂದ ಮೂರು ತಿಂಗಳು ಹೊರಗೆ ಕಾಲಿಡೋ ಹಾಗಿಲ್ಲ, ತರಕಾರಿ ಇಲ್ಲ, ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸೂ ಇಲ್ಲ. ಆಗ ಹಲಸಿನ ಬೀಜಕ್ಕೆ ಒಂದು ಹಿಡಿ ಸಿಗಡಿ ಹಾಕಿ ಸಾರು, ಅಥವಾ ಕಳಲೆಗೆ ಸಿಗಡಿ. ಏನೂ ಇಲ್ಲದ ದಿನ ಕೆಂಡದ ಮೇಲೆ ಹುರಿದು, ಕಾಯಿ ಹುಣಸೆಹಣ್ಣು ಸೇರಿಸಿ ಚಟ್ನಿ. "ಸಿಗಡಿ ಇಲ್ದಿದ್ರೆ ಮಳೆಗಾಲ ಕಳೆಯದು ಹ್ಯಾಂಗೆ ಮಗಾ" ಅಂತಿದ್ರು ಅಜ್ಜಿ. ಅವರು ಅದನ್ನ ತಗೊಳ್ತಿದ್ದದ್ದು ಸೇರಿನ ಲೆಕ್ಕದಲ್ಲಿ. ಈಗ ಅಮ್ಮ ಅದೇ ಸಿಗಡಿಯನ್ನ ನೂರು ಗ್ರಾಂ ಲೆಕ್ಕದಲ್ಲಿ ತಗೋತಾರೆ. ಡಬ್ಬ ಹಳೇದೇ, ತಳ ಮಾತ್ರ ಕಾಣುತ್ತೆ.

ಈಚೆಗೆ ಲಂಡನ್‌ನಲ್ಲಿರೋ ನಮ್ಮ ದೊಡ್ಡಪ್ಪನ ಮಗ ತನ್ನ ಮಧ್ಯಾಹ್ನದ ಊಟದ ಫೋಟೋ ಕಳಿಸಿದ್ದ. ಸಿಗಡಿ ತುಂಬಿದ ಸ್ಯಾಂಡ್‌ವಿಚ್. ಪೊಟ್ಟಣದ ಮೇಲೆ 'ಕೋಲ್ಡ್ ವಾಟರ್ ಪ್ರಾನ್' ಅಂತ ಬರೆದಿತ್ತು, ಅಂದ್ರೆ ತಣ್ಣೀರಿನ ಸಿಗಡಿ. "ಇದು ಯಾವ ಜಾತಿನೋ? ಅಜ್ಜಿ ಡಬ್ಬದ್ದರ ಹಾಗೇ ಸಣ್ಣದು" ಅಂತ ಕೇಳಿದ್ದ. ಅದನ್ನ ಹುಡುಕ್ತಾ ಹೋದಾಗ ಗೊತ್ತಾಯ್ತು: ಆ ತಣ್ಣೀರಿನ ಸಿಗಡಿಗೂ ನಮ್ಮ ಡಬ್ಬ ಖಾಲಿಯಾಗಿದ್ದಕ್ಕೂ ನಡುವೆ ಎಪ್ಪತ್ತು ವರ್ಷಗಳ ಒಂದು ದಾರಿ ಇದೆ. ಇವತ್ತು ಆ ದಾರಿಯಲ್ಲಿ ಹೋಗಿಬರೋಣ.

ಘಾಟಿ ದಾರಿ

ಮೊದಲು ಹತ್ತಿರದ ದಾರಿ. ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿ, ನಮ್ಮ ಕಡೆಯವರು ಬಾಳೆಬರೆ ಘಾಟಿ ಅಂತಾರೆ, ಇಳಿದರೆ ಹೊಸಂಗಡಿ. ಅಲ್ಲಿಂದ ಸಿದ್ದಾಪುರ, ಕುಂದಾಪುರ, ಗಂಗೊಳ್ಳಿ. ಇದು ಹೊಸ ಸಂಬಂಧ ಏನಲ್ಲ. ಇಲ್ಲೇ ಹತ್ತಿರದ ನಗರ, ಅಂದ್ರೆ ಹಳೇ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. ಅವರ ದೊಡ್ಡ ಬಂದರು ಕುಂದಾಪುರದ ಪಕ್ಕದ ಬಸರೂರು. ಆ ಬಂದರಿನ ವ್ಯಾಪಾರಕ್ಕಾಗಿ ಪೋರ್ಚುಗೀಸರು ಹೊಡೆದಾಡಿದರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸರೂರನ್ನ ಲೂಟಿ ಮಾಡಿದ. ಘಟ್ಟದ ಮೇಲಿಂದ ಅಕ್ಕಿ, ಮೆಣಸು, ಅಡಿಕೆ ಇಳೀತಿತ್ತು. ಕೆಳಗಿಂದ ಉಪ್ಪು, ಒಣಮೀನು ಹತ್ತಿ ಬರ್ತಿತ್ತು.

ಇತಿಹಾಸದ ಪುಸ್ತಕಗಳಲ್ಲಿ ಮೆಣಸು, ಅಕ್ಕಿ ಸಿಗುತ್ತೆ. ಒಣಮೀನಿಗೆ ಅಷ್ಟು ಜಾಗ ಸಿಗಲ್ಲ. ಅದು ಬಡವರ ಸರಕು. ಸಿಗಡಿ ಅಂತೂ ಇನ್ನೂ ಕಡಿಮೆ ದರ್ಜೆ. ಕುಂದಾಪುರದ ಕಡೆ ಇದಕ್ಕೆ ಚಟ್ಲಿ, ತುಳುವಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಹೆಸರು ಇಷ್ಟಿದ್ರೂ ಬೆಲೆ ಇರಲಿಲ್ಲ. ಹಿಡಿದ ಕೆಲವೇ ಗಂಟೆಯಲ್ಲಿ ಕೆಡೋ ಸರಕು, ಐಸ್ ಇಲ್ಲದ ಕಾಲ. ತಿಂದು ಉಳಿದದ್ದನ್ನ ಮರಳ ಮೇಲೆ ಹರವಿ ಒಣಗಿಸೋದು, ಅದೂ ಹೆಚ್ಚಾದರೆ ತೆಂಗಿನ ಬುಡಕ್ಕೆ ಗೊಬ್ಬರ. ಕೇರಳದಿಂದ ಒಣ ಸಿಗಡಿ ಬರ್ಮಾ, ಸಿಲೋನ್‌ಗಳಿಗೆ ಹೋಗ್ತಿತ್ತು. ನಮ್ಮ ಕಡೆಯದ್ದು ಬುಟ್ಟಿಯಲ್ಲಿ ಘಟ್ಟ ಹತ್ತಿ ಮಲೆನಾಡಿನ ಸಂತೆಗೆ ಬರ್ತಿತ್ತು. ಅಜ್ಜಿಯ ಸೇರಿಗೆ ಸಿಗಡಿ ತುಂಬ್ತಿದ್ದದ್ದು ಹೀಗೆ. ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ನಾರ್ವೆಯವರು ಬಂದರು

ಈಗ ದೂರದ ದಾರಿ. ನಾರ್ವೆಯ ಫ್ಯೋರ್ಡ್‌ಗಳು, ಅಂದ್ರೆ ಬೆಟ್ಟಗಳ ನಡುವೆ ಒಳಗೆ ಚಾಚಿರೋ ಸಮುದ್ರದ ಕೈಗಳು. ಅದರ ತಳದ ಕೊರೆಯುವ ನೀರಲ್ಲಿ ಒಂದು ಜಾತಿ ಸಿಗಡಿ ಇದೆ, ವಿಜ್ಞಾನಿಗಳ ಬಾಯಲ್ಲಿ ಪ್ಯಾಂಡಲಸ್ ಬೋರಿಯಾಲಿಸ್. ಇದರದ್ದೊಂದು ವಿಚಿತ್ರ ಅಂದ್ರೆ ಸಾಮಾನ್ಯವಾಗಿ ಇವು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಆದಮೇಲೆ ಹೆಣ್ಣಾಗುತ್ತವೆ. 19ನೇ ಶತಮಾನದ ಕೊನೆಗೆ ನಾರ್ವೆಯವರು ತಳದಲ್ಲಿ ಬಲೆ ಎಳೆದು ಇದನ್ನ ಹಿಡಿಯೋಕೆ ಶುರು ಮಾಡಿದರು. ಆ ಎಳೆಯೋ ಬಲೆಯೇ ಟ್ರಾಲ್. ಆಮೇಲೆ ಎಂಜಿನ್ ಬೋಟು, ಐಸು, ಫ್ರೀಜಿಂಗು ಎಲ್ಲ ಸೇರಿಕೊಂಡವು.

ಎರಡನೇ ಮಹಾಯುದ್ಧ ಮುಗಿದಿತ್ತು. ಬಡ ದೇಶಗಳಿಗೆ ನೆರವು ಕೊಡಬೇಕು ಅಂತ ನಾರ್ವೆ ಒಂದು ನಿಧಿ ಮಾಡ್ತು, ಅದರ ಮೊದಲ ಯೋಜನೆಗೆ ಭಾರತವನ್ನ ಆರಿಸಿಕೊಂಡಿತು. 1952ರ ಅಕ್ಟೋಬರ್ 17ರಂದು ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟ್. 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರ, ಶಕ್ತಿಕುಳಂಗರ ಅನ್ನೋ ಮೀನುಗಾರರ ಊರುಗಳಲ್ಲಿ ಕೆಲಸ ಶುರುವಾಯ್ತು.

ಇಲ್ಲೊಂದು ಮಾತು ಸ್ಪಷ್ಟ ಇರಲಿ. ಯೋಜನೆಯ ಕಾಗದದಲ್ಲಿ ರಫ್ತು ಮುಖ್ಯ ಆಗಿರಲಿಲ್ಲ. ಮೀನುಗಾರನ ಆದಾಯ ಹೆಚ್ಚಬೇಕು, ಊರಿನ ಜನಕ್ಕೆ ತಾಜಾ ಮೀನು ಸಿಗಬೇಕು, ಕುಡಿಯೋ ನೀರು ಬರಬೇಕು, ಆಸ್ಪತ್ರೆ ಆಗಬೇಕು. ಇದು ಉದ್ದೇಶ. ಆದರೆ ಅದೇ 1953ರಲ್ಲಿ ಕೊಚ್ಚಿಯಿಂದ ಫ್ರೀಜ್ ಮಾಡಿದ ಸಿಗಡಿ ಮೊದಲ ಸಲ ಅಮೆರಿಕಕ್ಕೆ ಹೋಯ್ತು. ಅದಕ್ಕೆ ಸಿಕ್ಕ ಬೆಲೆ ನೋಡಿದ ಮೇಲೆ ಊರಿನ ಜನಕ್ಕೆ ಅಗ್ಗದ ಮೀನು ಅನ್ನೋ ಮಾತು ಹಿಂದೆ ಸರಿಯಿತು. ನಾರ್ವೆಯವರು ತಂದ ಎಂಜಿನ್ ಬೋಟಿಗೆ ಟ್ರಾಲ್ ಬಲೆ ಕಟ್ಟಿದರೆ ಸಿಗಡಿ ಸಿಗುತ್ತೆ, ಸಿಗಡಿಗೆ ಡಾಲರ್ ಸಿಗುತ್ತೆ.

1960ರ ದಶಕದಲ್ಲಿ ಯೋಜನೆ ಕಣ್ಣೂರು, ಮಂಡಪಂ ಮತ್ತು ನಮ್ಮ ಕಾರವಾರಕ್ಕೂ ವಿಸ್ತರಿಸಿತು. ಮಂಗಳೂರು, ಮಲ್ಪೆ, ಗಂಗೊಳ್ಳಿಗಳಲ್ಲಿ ಒಂದೊಂದಾಗಿ ಟ್ರಾಲ್ ಬೋಟುಗಳು ಇಳಿದವು. 1966ರ ಜೂನ್‌ನಲ್ಲಿ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಒಂದು ಡಾಲರ್‌ಗೆ 4.76 ರೂಪಾಯಿ ಇದ್ದದ್ದು 7.50 ಆಯ್ತು. ಬಿಕಾಂನಲ್ಲಿ ಇದನ್ನ ನಾವು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ವಿ. ದಡದಲ್ಲಿ ಅದರ ಅರ್ಥ ಏನು ಗೊತ್ತಾ? ಸಮುದ್ರದಲ್ಲಿ ಏನೂ ಬದಲಾಗದೆ, ಅದೇ ಸಿಗಡಿಗೆ ರಫ್ತುದಾರನ ಕೈಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ರೂಪಾಯಿ. ಫ್ಯಾಕ್ಟರಿಗಳು ಎದ್ದವು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಎಂಪೆಡಾ, 1972ರಲ್ಲಿ ಕೊಚ್ಚಿಯಲ್ಲಿ ಶುರುವಾಯ್ತು. ಆಮೇಲೆ ಜಪಾನ್ ದೊಡ್ಡ ಗಿರಾಕಿ ಆಯ್ತು. ತೆಂಗಿನ ಬುಡದ ಗೊಬ್ಬರಕ್ಕೆ 'ಪಿಂಕ್ ಗೋಲ್ಡ್', ಗುಲಾಬಿ ಚಿನ್ನ ಅಂತ ಹೆಸರು ಬಂತು.

ನಮ್ಮೂರಿಗೆ ಮೀನು ತರೋ ಅಣ್ಣ ಕುಂದಾಪುರದ ಕಡೆಯವರು. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೀತಾ ಬರ್ತಾರೆ. "ದೊಡ್ಡ ಚಟ್ಲಿ ಇಲ್ವಾ?" ಅಂತ ಅಮ್ಮ ಕೇಳಿದ್ರೆ ಅವರ ಉತ್ತರ ಒಂದೇ: "ಒಳ್ಳೇದೆಲ್ಲ ಕಂಪ್ನಿಗ್ ಹೋತ್ ಅಮ್ಮ, ನಮ್ಗ್ ಸಿಕ್ಕುದ್ ಇಷ್ಟೇ." ಇತಿಹಾಸದ ಇಷ್ಟು ಪುಟಗಳನ್ನ ಅವರು ಒಂದು ಸಾಲಲ್ಲಿ ಹೇಳ್ತಾರೆ.

ಸುಲಿಯುವ ಕೈ

ಈಗ ಆ ಕಂಪನಿ ಒಳಗೆ ಹೋಗೋಣ. ಸಿಗಡಿಯ ತಲೆ, ಸಿಪ್ಪೆ ತೆಗೆದರೆ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತೆ. ನಮ್ಮ ಕಾಸ್ಟ್ ಅಕೌಂಟಿಂಗ್ ಭಾಷೆಯಲ್ಲಿ ಇದಕ್ಕೆ 'ನಾರ್ಮಲ್ ಲಾಸ್' ಅಂತಾರೆ, ಕೆಲಸದಲ್ಲಿ ಸಹಜವಾಗಿ ಆಗೋ ನಷ್ಟ. ಪ್ರಶ್ನೆ ಇರೋದು ಆ ಸಿಪ್ಪೆ ತೆಗೆಯೋರು ಯಾರು ಅನ್ನೋದು.

ತಣ್ಣೀರಿನ ಸಿಗಡಿಯ ದೇಶಗಳಲ್ಲಿ ಅದನ್ನ ಯಂತ್ರ ಮಾಡುತ್ತೆ. ಅಮೆರಿಕದ ಲೂಸಿಯಾನದಲ್ಲಿ ಲಾಪೇರ್ ಅನ್ನೋ ಕುಟುಂಬ 1940ರ ದಶಕದಲ್ಲಿ ಸಿಗಡಿ ಸುಲಿಯೋ ಯಂತ್ರ ರೂಪಿಸಿತು. ಒಂದರ ಪಕ್ಕ ಒಂದು ತಿರುಗೋ ರೋಲರ್‌ಗಳ ನಡುವೆ ಸಿಪ್ಪೆ ಸಿಕ್ಕಿ ಕಳಚಿಕೊಳ್ಳುತ್ತೆ. ಅಲ್ಲಿ ಕೂಲಿ ದುಬಾರಿ, ಸಿಗಡಿ ಸಣ್ಣದು, ಹಾಗಾಗಿ ಯಂತ್ರ ಬಂತು.

ನಮ್ಮಲ್ಲಿ ಕೈ. ಅದರಲ್ಲೂ ಹೆಂಗಸರ ಕೈ. ಪೀಲಿಂಗ್ ಶೆಡ್ ಅಂತಾರೆ. ಬೆಳಗಿನ ಜಾವ ಸರಕು ಬಂದರೆ ಬೆಳಗಿನ ಜಾವ, ರಾತ್ರಿ ಬಂದರೆ ರಾತ್ರಿ. ಕೂಲಿ ದಿನಕ್ಕಲ್ಲ, ಸುಲಿದ ತೂಕಕ್ಕೆ. ಐಸಿನಲ್ಲಿ ಅದ್ದಿದ ಬೆರಳು ಮರಗಟ್ಟುತ್ತೆ, ಸಿಗಡಿಯ ರಸಕ್ಕೆ ಚರ್ಮ ಕಿತ್ತು ಬರುತ್ತೆ. ಕೇರಳದ ಹುಡುಗಿಯರು ಈ ಕೆಲಸಕ್ಕೆ ಗುಜರಾತಿನ ವೆರಾವಲ್‌ವರೆಗೂ ಹೋಗಿ, ಫ್ಯಾಕ್ಟರಿ ಮಹಡಿ ಮೇಲೇ ಮಲಗಿ ದುಡಿದರು. 90ರ ದಶಕದಲ್ಲಿ ಅದರ ಬಗ್ಗೆ ದೊಡ್ಡ ಚರ್ಚೆ ಆಯ್ತು. ನಮ್ಮ ಸಿಗಡಿ ಜಗತ್ತಿನ ಮಾರುಕಟ್ಟೆಯಲ್ಲಿ ಅಗ್ಗವಾಗಿ ನಿಂತಿದ್ದಕ್ಕೆ ಒಂದು ಮುಖ್ಯ ಕಾರಣ ಈ ಕೈಗಳು.

1997ರ ಆಗಸ್ಟ್‌ನಲ್ಲಿ ಯುರೋಪಿಯನ್ ಯೂನಿಯನ್ ಭಾರತದ ಸಮುದ್ರೋತ್ಪನ್ನಗಳನ್ನ ನಿಷೇಧಿಸಿತು. ನೈರ್ಮಲ್ಯ ಸರಿಯಿಲ್ಲ ಅನ್ನೋದು ಅವರ ತಕರಾರು. ತಕರಾರಿನಲ್ಲಿ ಸತ್ಯ ಇತ್ತು. ಕೆಲವೇ ತಿಂಗಳಲ್ಲಿ ನಿಷೇಧ ತೆರವಾಯ್ತು, ಆದರೆ ನಿಯಮ ಬಿಗಿಯಾಯ್ತು. ಸುಲಿಯೋ ಕೆಲಸ ಟೈಲ್ಸ್ ಹಾಕಿದ, ಎಸಿ ಇರೋ ಫ್ಯಾಕ್ಟರಿ ಸೂರಿನಡಿ ಬರಬೇಕು ಅಂದಾಗ ಬಂಡವಾಳ ಇದ್ದೋರು ಉಳಿದರು. ಮನೆ ಹತ್ತಿರದ ಶೆಡ್ಡುಗಳು ಬಾಗಿಲು ಹಾಕಿದವು. ಸ್ವಚ್ಛತೆ ಬಂದದ್ದು ಒಳ್ಳೇದೇ. ಅದರ ಖರ್ಚಿನ ಒಂದು ಪಾಲು ಕೆಲಸ ಕಳೆದುಕೊಂಡ ಹೆಂಗಸರ ತಲೆ ಮೇಲೆ ಬಿತ್ತು, ಅದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲಿಲ್ಲ.

ಲೆಕ್ಕಕ್ಕೆ ಬರದ ತೊಟ್ಟಿಲು

ಲೆಕ್ಕಕ್ಕೆ ಬರದ ಇನ್ನೊಂದು ಬಾಬತ್ತಿದೆ. ಅದಕ್ಕೂ ನಾನು ಕೂತಿರೋ ಈ ಮಳೆಗೂ ನೇರ ಸಂಬಂಧ.

ನಮ್ಮ ಕರಾವಳಿಯ ಹಲವು ಜಾತಿ ಸಿಗಡಿಗಳು ಮೊಟ್ಟೆ ಇಡೋದು ಸಮುದ್ರದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಉಬ್ಬರದ ಜೊತೆ ಅಳಿವೆಗೆ, ಅಂದ್ರೆ ನದಿ ಸಮುದ್ರ ಸೇರೋ ಜಾಗಕ್ಕೆ ಬರುತ್ತವೆ. ಉಪ್ಪುನೀರು ಸಿಹಿನೀರು ಬೆರೆತ ಆ ಕೆಸರಲ್ಲಿ, ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಕೆಲವು ತಿಂಗಳು ಬೆಳೆದು ವಾಪಸ್ ಸಮುದ್ರಕ್ಕೆ ಹೋಗುತ್ತವೆ. ಅಳಿವೆ ಅವುಗಳ ತೊಟ್ಟಿಲು. ತೊಟ್ಟಿಲಲ್ಲಿ ಉಪ್ಪು ಎಷ್ಟು, ಸಿಹಿ ಎಷ್ಟು ಅನ್ನೋದನ್ನ ತೀರ್ಮಾನ ಮಾಡೋದು ಘಟ್ಟದ ಮೇಲಿನ ನದಿ.

ಆ ನದಿಗಳು ನಮ್ಮವು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಪಡುವಣಕ್ಕೆ ಇಳಿಯೋ ನದಿಗಳು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ತಯಾರಿಸಿ ಬಿಟ್ಟ ನೀರು ವರ್ಷಪೂರ್ತಿ ಹೊನ್ನಾವರದ ಕಡೆ ಹರಿಯುತ್ತೆ. ಹಿಂದೆ ಬೇಸಿಗೆಯಲ್ಲಿ ನದಿ ಸೊರಗಿ, ಸಮುದ್ರದ ನೀರು ಒಳಗೆ ಏರ್ತಿತ್ತು. ಈಗ ಹಾಗಾಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಅಳಿವೆಯನ್ನ ಪಕ್ಕದ ಅಘನಾಶಿನಿ ಜೊತೆ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅಲ್ಲಿ ಉಪ್ಪಿನ ಏರಿಳಿತ ಹಳೇ ಕ್ರಮದಲ್ಲೇ ಇದೆ, ಮೀನು, ಚಿಪ್ಪಿಕಲ್ಲುಗಳ ಸಮೃದ್ಧಿ ಉಳಿದಿದೆ. ಶರಾವತಿಯಲ್ಲಿ ಉಪ್ಪು ಕಮ್ಮಿಯಾಗಿ, ಉಪ್ಪುನೀರು ಬೇಡುವ ಜೀವಿಗಳು ಹಿಂದೆ ಸರಿದವು.

ಮಾಸ್ತಿಕಟ್ಟೆಯ ಕಥೆಯೂ ಅಣೆಕಟ್ಟಿನದ್ದೇ. ವಾರಾಹಿ ಯೋಜನೆಗಾಗಿ ಬೆಳೆದ ಊರಿದು. ಇಲ್ಲಿ ಬಿದ್ದ ಮಳೆ ಮಾಣಿ ಜಲಾಶಯ ಸೇರಿ, ಸುರಂಗ ಹೊಕ್ಕು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತೆ. 1989ರಲ್ಲಿ ಮೊದಲ ಘಟಕ ಶುರುವಾಯ್ತು, ಈಗ ಒಟ್ಟು ಸಾಮರ್ಥ್ಯ 460 ಮೆಗಾವಾಟ್. ನೀರು ಅಲ್ಲಿಂದ ಹರಿದು ಗಂಗೊಳ್ಳಿಯ ಪಂಚಗಂಗಾವಳಿ ಸೇರುತ್ತೆ. ನಾವು ಘಟ್ಟದ ಮೇಲಿನವರು ಕೆಳಗಿನಿಂದ ಬರೋ ಸಿಗಡಿಗೆ ಕಾಯ್ತೀವಿ. ಆ ಸಿಗಡಿಯ ಮರಿಗೆ ಬೇಕಾದ ನೀರಿನ ಕೀಲಿ ಮೇಲೆ, ನಮ್ಮ ಮಗ್ಗುಲಲ್ಲೇ ಇದೆ. ಈ ಕರೆಂಟು ಬೇಡ ಅಂತ ನಾನು ಹೇಳ್ತಿಲ್ಲ. ಇವತ್ತು ಈ ಮೈಕ್ ನಡೀತಿರೋದೂ ಅದರಿಂದಲೇ. ಆದರೆ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಖರ್ಚು ಅಂತ ಲೆಕ್ಕ ಹಾಕುವಾಗ ಅಳಿವೆಗೆ ಒಂದು ಸಾಲು ಇಟ್ಟವರಿಲ್ಲ.

ಸಮುದ್ರದಲ್ಲೂ ಹಾಗೇ. ತಳ ಗುಡಿಸೋ ಟ್ರಾಲ್ ಬಲೆಗೆ ಸಿಗಡಿ ಒಂದೇ ಬೀಳಲ್ಲ, ಮರಿಮೀನು, ಏಡಿ, ಸಿಕ್ಕಿದ್ದೆಲ್ಲ ಬರುತ್ತೆ. ಕಡಲಾಮೆಗಳೂ ಸಿಕ್ಕಿ ಸಾಯ್ತವೆ. ಅದೇ ಕಾರಣ ಹೇಳಿ ಅಮೆರಿಕ ಸಿಗಡಿ ಆಮದು ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟವು, 1998ರಲ್ಲಿ ಅದರ ತೀರ್ಪು ಬಂತು. ಟ್ರಾಲ್‌ನಲ್ಲಿ ಬಂದ ಮರಿಮೀನು ಈಗ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗಿ ಪುಡಿಯಾಗುತ್ತೆ. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ ಇದೆ. ಆದರೂ 'ಮತ್ಸ್ಯಕ್ಷಾಮ' ಅನ್ನೋ ಪದ ಕರಾವಳಿಯ ಪೇಪರಿನಲ್ಲಿ ಈಗ ಮಾಮೂಲು.

ಕೆರೆಯ ಸಿಗಡಿ

ಸಮುದ್ರದ್ದು ಸಾಲದಾದಾಗ ಸಿಗಡಿಯನ್ನ ಸಾಕೋಕೆ ಶುರು ಮಾಡಿದರು. ನಮ್ಮಲ್ಲಿ ಇದರ ಹಳೇ ರೂಪ ಒಂದಿತ್ತು. ಕುಮಟಾದ ಅಘನಾಶಿನಿ ದಡದ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯೋ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಅದರ ಜೊತೆ ಬಂದ ಸಿಗಡಿ. ಕೂಳೆಯೇ ಮೇವು. ಸಿಗಡಿಗೆ ಬೆಲೆ ಏರಿದ ಮೇಲೆ ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿ ಸಿಗಡಿಯನ್ನೇ ಬೆಳೆಯೋಣ ಅಂದವರು ಹೆಚ್ಚಾದರು. ಕಗ್ಗ ಹಲವು ಕಡೆ ನಿಂತುಹೋಯ್ತು. 90ರ ದಶಕದ ಮಧ್ಯದಲ್ಲಿ ಬಿಳಿ ಚುಕ್ಕೆ ರೋಗ ಬಂದು ದೇಶದ ಸಿಗಡಿ ಕೆರೆಗಳು ನೆಲಕಚ್ಚಿದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಉದ್ಯಮಗಳ ವಿರುದ್ಧ ಕಠಿಣ ತೀರ್ಪು ಕೊಟ್ಟಿತು.

2009ರ ಹೊತ್ತಿಗೆ ವೆನಾಮಿ ಅನ್ನೋ ಪೆಸಿಫಿಕ್ ಸಾಗರದ ಜಾತಿಗೆ ಅನುಮತಿ ಸಿಕ್ಕಿತು, ಆಂಧ್ರದ ಕೆರೆಗಳಲ್ಲಿ ಅದು ಹಬ್ಬಿತು. ಎಂಪೆಡಾ ಲೆಕ್ಕದಂತೆ 2024–25ರಲ್ಲಿ ಭಾರತ ರಫ್ತು ಮಾಡಿದ ಸಮುದ್ರೋತ್ಪನ್ನ ಸುಮಾರು 16.98 ಲಕ್ಷ ಟನ್, ಮೌಲ್ಯ 62,408 ಕೋಟಿ ರೂಪಾಯಿ. ಅದರಲ್ಲಿ ಫ್ರೀಜ್ ಮಾಡಿದ ಸಿಗಡಿಯೇ 7.4 ಲಕ್ಷ ಟನ್, ದೊಡ್ಡ ಗಿರಾಕಿ ಅಮೆರಿಕ. ಒಬ್ಬನೇ ಗಿರಾಕಿಯನ್ನ ಇಷ್ಟು ನಂಬಿದರೆ ಏನಾಗುತ್ತೆ ಅಂತ 2025ರ ಆಗಸ್ಟ್ 27ರಂದು ಗೊತ್ತಾಯ್ತು. ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು.

ಇನ್ನು ನಾರ್ವೆಯ ಕಡೆ? ಅಲ್ಲೂ ನೆಮ್ಮದಿ ಇಲ್ಲ. ತಣ್ಣೀರಿನ ಸಿಗಡಿಯ ಒಟ್ಟು ಹಿಡಿತ 2000ರ ದಶಕದ ಮಧ್ಯಭಾಗದ ನಂತರ ಇಳೀತಾ ಬಂತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರಲ್ಲಿ ಕಾಡ್ ಮೀನು ಮುಗಿದುಹೋಗಿ ಮೀನುಗಾರಿಕೆಯನ್ನೇ ನಿಲ್ಲಿಸಿದಾಗ ಜನ ಸಿಗಡಿಗೆ ತಿರುಗಿದ್ದರು. ಅದರ ಕೋಟಾವನ್ನೂ 2010ರ ದಶಕದಲ್ಲಿ ಕಡಿತ ಮಾಡಬೇಕಾಯ್ತು. ಅಮೆರಿಕದ ಮೇಯ್ನ್ ಕೊಲ್ಲಿಯಲ್ಲಿ ನೀರು ಬಿಸಿಯಾಗಿ ಸಿಗಡಿ ಕುಸಿದು, 2014ರ ಹಂಗಾಮಿನಿಂದ ವಾಣಿಜ್ಯ ಮೀನುಗಾರಿಕೆ ನಿಂತಿದೆ. ಇದರ ಮೇಲೆ ನಮ್ಮಂಥ ದೇಶಗಳ ಅಗ್ಗದ ಕೆರೆ ಸಿಗಡಿಯ ಪೈಪೋಟಿ ಬೇರೆ. ಕಲಿಸಿದವರಿಗೂ ಕಲಿತವರಿಗೂ ಈಗ ಒಂದೇ ಚಿಂತೆ.

ಇಷ್ಟು ಹೇಳಿ ಮುಗಿಸ್ತೀನಿ. ಸಿಗಡಿ ದುಬಾರಿ ಆಗಿದ್ದು ಬರೀ ಬೇಡಿಕೆ ಹೆಚ್ಚಾಗಿ ಅಂತ ನಾನೂ ಅಂದುಕೊಂಡಿದ್ದೆ. ಈಗ ಅನ್ನಿಸೋದು, ಎಪ್ಪತ್ತು ವರ್ಷ ಅದು ಅಗ್ಗವಾಗಿ ಹೊರದೇಶಕ್ಕೆ ಹೋಯ್ತು, ಯಾಕಂದ್ರೆ ಅಳಿವೆಗೂ ಸುಲಿಯೋ ಕೈಗೂ ಕೊಡಬೇಕಾದ್ದನ್ನ ಕೊಡಲಿಲ್ಲ. ಆ ಬಾಕಿಯ ಒಂದು ಸಣ್ಣ ಕಂತು ನಮ್ಮನೆ ಡಬ್ಬದ ಲೆಕ್ಕಕ್ಕೂ ಬಂದಿದೆ. ಹಾಗಾಗಿ ಹೊಸ ಬಂದರು, ಹೊಸ ಅಣೆಕಟ್ಟು, ಹೊಸ ಫ್ಯಾಕ್ಟರಿ ಅಂತ ಸುದ್ದಿ ಓದಿದಾಗ ಎಷ್ಟು ಕೋಟಿ ಅನ್ನೋದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ಅಳಿವೆಗೆ ಏನಾಗುತ್ತೆ, ಕೂಲಿ ಎಷ್ಟು.

ನಿನ್ನೆ ಅಮ್ಮ ಹಲಸಿನ ಬೀಜದ ಸಾರು ಮಾಡಿದ್ರು. ಸಿಗಡಿಯನ್ನ ಹಿಡಿಯಲ್ಲಿ ಹಾಕಲಿಲ್ಲ, ಬೆರಳ ತುದಿಯಲ್ಲಿ ಎಣಿಸಿದ ಹಾಗೆ ಹಾಕಿದ್ರು. ಘಮ ಮಾತ್ರ ಅಜ್ಜಿ ಕಾಲದ್ದೇ ಇತ್ತು. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ರೆ, ಅದರಲ್ಲಿ ಏನಿತ್ತು, ಈಗ ಏನಿದೆ ಅಂತ ನನಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.